ನೀರು ಬಂದ್ ಆಗುವ ತನಕ

11 ಜನವರಿ 1995, ಬುಧವಾರ

ಕಾಲುವೆಯ ನೀರು ನಿಲ್ಲಿಸಿರಿ ಅಂತ ಇವತ್ತು ಇಂಜಿನಿಯರ್ ಸಾಹೇಬರ ಕಾಲಿಗೆ ಬಿದ್ದೆ. ಕಾಲುವೆ ಕೆಲಸದವರ ಈ ಕ್ಯಾಂಪಿನಲ್ಲಿ ಯಾರಿಗೂ ಸೊಪ್ಪು ಹಾಕದ ಅಂಗನವಾಡಿ ಟೀಚರ್ ಶೇಖಮ್ಮ, ನಾನು, ಸಾಹೇಬರ ಬೂಟು ಹಿಡಿದುಕೊಂಡು ಕೂತಿದ್ದೆ. ಸಾಹೇಬರು ಕೆಟ್ಟವರಲ್ಲ. ಕುರ್ಚಿಯಿಂದ ಎದ್ದು ನಿಂತರು.

"ಈಗ ನಾರಾಯಣಪುರದಾಗ ಡ್ಯಾಮಿನ ಗೇಟ್ ಇಳಿಸಿದ್ರ ಶಹಾಪುರದ ಕಡೀ ಹೊಲದ ತನಕ ಬೆಳಿ ಒಣಗತಾವ, ಟೀಚರ್. ಮಾರ್ಚ್ ಕೊನಿಗೆ ನೀರು ಬಂದ್ ಆಗತೈತಿ. ಅಲ್ಲಿತನ ಹುಡುಕೂದು ಬಿಡಂಗಿಲ್ಲ."

ಮಾರ್ಚ್ ಕೊನೆ! ನನ್ನ ಗಂಡ ಏನು ಜೋಳದ ಬೆಳೆಯೇ, ಸುಗ್ಗಿ ಮುಗಿಯಲಿ ಅಂತ ಕಾಯಲು?

ಕ್ಯಾಂಪಿನ ಮಕ್ಕಳ ಪಾರ್ಕಿನಲ್ಲಿ ಪುಟ್ಟ ರೈಲು ಓಡಿಸುವ ಅವರು ಭಾನುವಾರ ಸಂಜೆ ಬೀಗ ಹಾಕಿ ಮನೆಗೆ ಬರುವಾಗ ಕಾಲುವೆ ದಂಡೆಯಲ್ಲಿ ಸೈಕಲ್ ನಿಲ್ಲಿಸಿದ್ದಾರೆ. ದಿನಾ ಅಲ್ಲಿಯೇ ಕೈಕಾಲು ತೊಳೆದುಕೊಂಡು ಬರುವುದು ಅವರ ಚಾಳಿ. ಸೈಕಲ್ ನಿಂತಲ್ಲೇ ಇತ್ತು. ಕಲ್ಲಿನ ಮೇಲೆ ಒಂದು ಚಪ್ಪಲಿ ಇತ್ತು. ಕಾಲುವೆಯ ಇಳಿಜಾರು ಕಲ್ಲುಗಳಿಗೆ ಪಾಚಿ ಕಟ್ಟಿದೆ, ಒಮ್ಮೆ ಜಾರಿದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ ಅನ್ನುತ್ತಾನೆ ಕಾಲುವೆ ಕಾಯುವ ಭಾಗಣ್ಣ. ಮೂರು ದಿನದಿಂದ ಹಗ್ಗಕ್ಕೆ ಕೊಕ್ಕೆ ಕಟ್ಟಿ ಎಳೆಯುತ್ತಿದ್ದಾನೆ.

"ಕೊಡೂದಿದ್ರ ನೀರು ತಾನ ಕೊಡತೈತಿ ತಂಗೆವ್ವ. ಇಲ್ಲಂದ್ರ ಬಂದ್ ಆದಮ್ಯಾಲೆ ನೋಡಬೇಕು."

ಅವನ ಮೇಲೆ ಹರಿಹಾಯ್ದೆ. ತಿಂಥಣಿಯಲ್ಲಿ ಹುಟ್ಟಿ ಕೃಷ್ಣೆಯನ್ನು ಅಡ್ಡ ಈಜಿದವರು ಈ ಕಾಲುವೆಯಲ್ಲಿ ಮುಳುಗುತ್ತಾರೆಯೇ? ಎಲ್ಲೋ ಹೋಗಿದ್ದಾರೆ. ಬರುತ್ತಾರೆ.

15 ಜನವರಿ, ಭಾನುವಾರ

ತಿಂಥಣಿಯಿಂದ ಅತ್ತೆ ಬಂದಿದ್ದಾರೆ. ಲಾಲಮ್ಮ ಅಂದರೆ ಕೃಷ್ಣೆಯ ದಂಡೆಯಲ್ಲಿ ಎಲ್ಲರಿಗೂ ಗೊತ್ತು. ಗಂಡ ಸತ್ತ ಮೇಲೂ ಬಲೆ ಬೀಸಿ ಮಗನನ್ನು ಸಾಕಿದವರು. ಬೆಳಿಗ್ಗೆ ಎದ್ದು ನೋಡಿದರೆ ಮನೆಯಲ್ಲಿಲ್ಲ. ಕಾಲುವೆ ದಂಡೆಯಲ್ಲಿ ಕೂತು ತಟ್ಟೆಯಲ್ಲಿ ರೊಟ್ಟಿ, ಪುಂಡಿ ಪಲ್ಯ ಇಟ್ಟು ಊದಿನಕಡ್ಡಿ ಹಚ್ಚಿದ್ದರು. ಪುಂಡಿ ಪಲ್ಯ ಅಂದರೆ ನನ್ನ ಗಂಡನಿಗೆ ಜೀವ.

ಸತ್ತವರಿಗೆ ಇಡುವ ಎಡೆ ಅದು. ತಟ್ಟೆ ಸಮೇತ ನೀರಿಗೆ ಎಸೆದೆ.

ಅತ್ತೆ ಬೈಯಲಿಲ್ಲ. "ಅವ ಉಸರಾಡಾಕತ್ತಿಲ್ಲ ಅಂತ ನನಗ ಗೊತ್ತಾಗೈತಿ, ಶೇಖವ್ವ. ಹಡದಾಕಿಗೆ ಗೊತ್ತಾಗತೈತಿ. ನೀರು ಬಂದ್ ಆಗೂತನ ನಿನಗ ಏನೂ ಅನ್ನಂಗಿಲ್ಲ" ಅಂದರು. ಅಷ್ಟು ಮೆತ್ತಗೆ ಮಾತಾಡಿದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

20 ಜನವರಿ, ಶುಕ್ರವಾರ

ನಿನ್ನೆ ರಾತ್ರಿ ಮೌನಿ ಎದ್ದು ಕೂತು, "ಅಪ್ಪ ಕರಿಯಾಕತ್ತಾನ" ಎಂದ. ಐದು ವರ್ಷದ ಹುಡುಗ, ಕನಸು ಕಂಡಿರಬೇಕು ಎಂದು ಗದರಿಸಿ ಮಲಗಿಸಿದೆ. ಆಮೇಲೆ ಅವನ ಅಕ್ಕ ಸುಗಲಾಳೂ ಎದ್ದಳು. ಆಮೇಲೆ ನನಗೂ ಕೇಳಿಸಿತು.

"ಮಕ್ಕಳ್ರಾ, ರೈಲು ಹೊಂಟೈತಿ. ಕೈ ಹೊರಗ ಚಾಚಬ್ಯಾಡ್ರಿ. ಅವ್ವನ ಕೈ ಬಿಡಬ್ಯಾಡ್ರಿ. ಸೀಟಿ ಹೊಡಿತೀನಿ, ಕೇಳ್ರಿ."

ಆಮೇಲೆ ಸೀಟಿ. ಪಾರ್ಕಿನ ಕಡೆಯಿಂದ. ಕಿಟಕಿ ತೆರೆದರೆ ಅಲ್ಲಿ ಕೆಂಪು ಹಸಿರು ದೀಪ ಉರಿಯುತ್ತಿದ್ದವು. ಅತ್ತೆ ಮೌನೇಶ್ವರಾ ಮೌನೇಶ್ವರಾ ಎನ್ನುತ್ತ ಮಕ್ಕಳ ಕಿವಿ ಮುಚ್ಚಿದರು.

ಬೆಳಿಗ್ಗೆ ವೈರ್‌ಮನ್ ಚಾಂದಪಾಶಾನನ್ನು ಹಿಡಿದು ಕೇಳಿದೆ. "ದೆವ್ವ ಅಲ್ಲ, ಟೀಚರ್" ಎಂದ. "ಆವತ್ತು ಸಂಜಿಕ ಕರೆಂಟ್ ಹೋತಲ್ಲ, ಮಕ್ಕಳ್ನ ಕತ್ತಲದಾಗ ಇಳಿಸೂ ಗಡಿಬಿಡಿಯೊಳಗ ನಿಮ್ಮ ದೇವಿಂದ್ರ ಸ್ವಿಚ್ ಬಂದ್ ಮಾಡೂದು ಮರತಾನ. ಆ ಲೈನ್ ಸುಟ್ಟಿತ್ತು. ನಿನ್ನಿ ಜೋಡಿಸೀನಿ. ಈಗ ಪಾರ್ಕಿಗೆ ರಾತ್ರಿ ಅಷ್ಟ ಕರೆಂಟ್ ಬರತೈತಿ. ಬಂದ ಕೂಡ್ಲೆ ಕ್ಯಾಸೆಟ್ ತಾನ ಮತ್ತ ಮತ್ತ ಹಾಡತೈತಿ."

ಕ್ಯಾಸೆಟ್! ನಾನೇ ಕೂತು ಅವರಿಗೆ ಹೇಳಿಕೊಟ್ಟು ಹೇಳಿಸಿದ್ದು. ಪ್ರತಿ ಸಲ ಒದರಿ ಗಂಟಲು ಹೋಗುತ್ತದೆ ಅಂತ ಟೇಪಿನಲ್ಲಿ ತುಂಬಿಸಿದ್ದರು. ರೈಲು ಹೊರಡುವ ಮಾತು ಮಾತ್ರ ಅದರಲ್ಲಿದೆ. ನಿಲ್ಲುವ ಮಾತು ಬಾಯಲ್ಲಿಯೇ ಹೇಳುತ್ತಿದ್ದರು, ಮಕ್ಕಳ ಗದ್ದಲ ನೋಡಿ ಒಂದು ಸುತ್ತು ಜಾಸ್ತಿ ಓಡಿಸುವ ಖಯಾಲಿ ಇತ್ತಲ್ಲ.

ಟೇಪು, ಸ್ವಿಚ್ಚು ಇರುವ ಕ್ಯಾಬಿನ್ನಿನ ಚಾವಿ ಒಂದೇ. ಅದನ್ನು ಅವರು ಉಡದಾರಕ್ಕೆ ಕಟ್ಟಿಕೊಂಡಿರುತ್ತಾರೆ. ಖಜಾನೆ ಚಾವಿ ನೋಡು, ಅಂತ ನಗುತ್ತಿದ್ದೆ ನಾನು.

22 ಜನವರಿ, ಭಾನುವಾರ

ಮಕ್ಕಳ ಭಯ ಬಿಡಿಸಬೇಕೆಂದು ರಾತ್ರಿ ನಾನೇ ಪಾರ್ಕಿಗೆ ಕರೆದುಕೊಂಡು ಹೋದೆ. ಇದು ಟೇಪು, ಅಪ್ಪ ಅಲ್ಲ ಎಂದು ಕಣ್ಣಾರೆ ಕಂಡರೆ ಮಲಗುತ್ತಾರೆ. ತಂತಿಬೇಲಿ ಒಂದು ಕಡೆ ಹರಿದಿದೆ, ಅದರೊಳಗೆ ನುಸುಳಿದೆವು.

ನೀರಾವರಿ ಯೋಜನೆಯಲ್ಲಿ ದುಡ್ಡು ಓಡಾಡುವಾಗ ಯಾರೋ ಸಾಹೇಬರು ಕಟ್ಟಿಸಿದ ಪಾರ್ಕು. ಸಿಮೆಂಟಿನ ಜಿರಾಫೆಗೆ ಕತ್ತು ಮುರಿದು ಕಬ್ಬಿಣದ ಸರಳು ಉಳಿದಿದೆ. ಆನೆಯ ಸೊಂಡಿಲು ಜಾರುಬಂಡೆ. ನೀರಿಲ್ಲದ ಕೊಳ, ಅದರ ಸುತ್ತ ನಾಲ್ಕು ಡಬ್ಬಿಯ ಪುಟ್ಟ ರೈಲು. ಹಗಲು ಹೊತ್ತಿನಲ್ಲಿ ನೋಡಿದರೆ ನಗು ಬರುತ್ತದೆ. ರಾತ್ರಿ ಕತ್ತಿಲ್ಲದ ಜಿರಾಫೆ ನಮ್ಮನ್ನೇ ನೋಡುತ್ತಿತ್ತು.

ದೀಪ ಹತ್ತಿದವು. ಟೇಪು ಮಾತಾಡಿತು. "ನೋಡ್ರಿ, ಬರೇ ಟೇಪು" ಎಂದೆ. ಸುಗಲಾ ನಾಲ್ಕನೆಯ ಇಯತ್ತೆ ಓದುವವಳು, ತಿಳಿಯುತ್ತದೆ, ತಲೆ ಆಡಿಸಿದಳು. ಮೌನಿ ಮಾತ್ರ ಹೋಗಿ ರೈಲಿನಲ್ಲಿ ಕೂತುಬಿಟ್ಟ. ರೈಲು ಓಡುವುದಿಲ್ಲ, ಅದಕ್ಕೆ ಬೇರೆ ಹಿಡಿಕೆ ಒತ್ತಬೇಕು. ಸುಮ್ಮನೆ ಕೂತು ಸೀಟಿ ಕೇಳಿ ಇಳಿದ. ಇನ್ನು ನಾವು ಹೋಗುವುದಿಲ್ಲ.

4 ಫೆಬ್ರವರಿ, ಶನಿವಾರ

ಮಕ್ಕಳು ಹಟ ಮಾಡುತ್ತಾರೆ ಅಂತ ಹೋಗಿದ್ದೆವು. ದಿನಾ ಏನಲ್ಲ.

ಟೇಪಿನಲ್ಲಿ "ಕೇಳ್ರಿ" ಆದ ಮೇಲೆ, ಸೀಟಿಗೆ ಮೊದಲು, ಅವರು ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಇಷ್ಟು ವರ್ಷ ಅದನ್ನು ಗಮನಿಸಿರಲಿಲ್ಲ. ಉಸಿರಾಡುತ್ತಿಲ್ಲ ಅಂದರಲ್ಲ ಅತ್ತೆ, ಅವರಿಗೆ ಕೇಳಿಸಬೇಕು ಇದನ್ನು. ಕರೆದರೆ ಬರಲೊಲ್ಲರು.

17 ಫೆಬ್ರವರಿ, ಶುಕ್ರವಾರ

ಕಂಬದ ಫ್ಯೂಜ್ ಕೀಳಲು ಚಾಂದಪಾಶಾ ಬಂದಿದ್ದ. ಕ್ಯಾಂಪಿನವರಿಗೆ ನಿದ್ದೆ ಇಲ್ಲವಂತೆ, ಬಸುರಿಯರು ಹೆದರುತ್ತಾರಂತೆ. ಏಣಿಯ ಕೆಳಗೆ ಹೋಗಿ ನಿಂತೆ.

"ಫ್ಯೂಜ್ ಕಿತ್ರ ನಾನು ಏಣಿ ಕೀಳ್ತೀನಿ" ಎಂದೆ.

"ಟೀಚರ್, ಅದು ಬರೇ ಮಷೀನ್ ಐತ್ರಿ."

"ಗೊತ್ತೈತಿ. ಮಕ್ಕಳ ಸಲುವಾಗಿ ಅಷ್ಟ. ಅವರ ಅಪ್ಪನ ದನಿ ಅದೊಂದ ಉಳದೈತಿ."

ಅವನು ಕೆಳಗೆ ಇಳಿದು ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ. "ಆಯ್ತ್ರಿ. ದನಿ ಸಣ್ಣ ಮಾಡಾಕೂ ಒಳಗ ಹೋಗಬೇಕು, ಚಾವಿ ಇಲ್ಲ. ಬೀಗ ಒಡಿಲೇನು?" ಎಂದ. ಬೀಗ ಮುಟ್ಟಿದರೆ ಹುಷಾರ್ ಎಂದೆ. ಅವರು ಬಂದು ಚಾವಿ ಹಾಕಿ ತೆಗೆಯುತ್ತಾರೆ.

ಶಾಲೆಯಿಂದ ಮಾಸ್ತರ ಗುರಣ್ಣ ಹೇಳಿಕಳಿಸಿದ್ದಾರೆ, ಸುಗಲಾ ತರಗತಿಯಲ್ಲಿ ನಿದ್ದೆ ಮಾಡುತ್ತಾಳಂತೆ. ಇವರು ಪಾಠ ಹೇಳುವ ಧಾಟಿಗೆ ಯಾರಿಗೆ ನಿದ್ದೆ ಬರುವುದಿಲ್ಲ!

28 ಫೆಬ್ರವರಿ, ಮಂಗಳವಾರ

ನಿನ್ನೆ ಶಿವರಾತ್ರಿ. ಕ್ಯಾಂಪಿಗೆ ಕ್ಯಾಂಪೇ ಎಚ್ಚರವಿತ್ತು, ಗುಡಿಯಲ್ಲಿ ಭಜನೆ. ನಮ್ಮ ಮನೆಗೆ ಜಾಗರಣೆ ಹೊಸದಲ್ಲ. ಜನ ಅಲ್ಲಿ, ನಾವು ಪಾರ್ಕಿನಲ್ಲಿ. ನಾನೂ ರೈಲಿನಲ್ಲಿ ಕೂತೆ. ಡಬ್ಬಿ ಸಣ್ಣದು, ಮೊಣಕಾಲು ಗದ್ದಕ್ಕೆ ಬಡಿಯುತ್ತದೆ. ಕಣ್ಣು ಮುಚ್ಚಿದರೆ ರೈಲು ಹೊರಟಹಾಗೆಯೇ ಆಗುತ್ತದೆ. ಅವರು ಕ್ಯಾಬಿನ್ನಿನ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ ಹಾಗೆ.

"ಅವ್ವಾ, ಚಳಿ ಆಗಾಕತ್ತೈತಿ, ಮನಿಗೆ ನಡಿ" ಎಂದಳು ಸುಗಲಾ. ಇನ್ನೊಂದು ಸಲ ಸೀಟಿ ಆಗಲಿ ಎಂದೆ. ಮೂಡಲು ಬೆಳ್ಳಗಾದಾಗ ಕರೆಂಟ್ ಹೋಯಿತು, ಎದ್ದು ಬಂದೆವು.

10 ಮಾರ್ಚ್, ಶುಕ್ರವಾರ

ನಿನ್ನೆ ರಾತ್ರಿ ಮೌನಿಯ ಮೈ ಬೆಚ್ಚಗಿತ್ತು. ಕೌದಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಹೋದೆ. ಗಾಳಿಗೆ ಹೋದರೆ ಒಳ್ಳೆಯದೇ. ಅಪ್ಪನ ದನಿ ಕೇಳಿದರೆ ಅರ್ಧ ಜ್ವರ ಇಳಿಯುತ್ತದೆ.

ಬಾಗಿಲಿಗೆ ಅತ್ತೆ ಅಡ್ಡ ಮಲಗಿದ್ದರು. ದಾಟಿ ಹೋದೆ. "ಶೇಖವ್ವ, ಒಬ್ಬನ್ನ ನೀರಿಗೆ ಕೊಟ್ಟೀನಿ. ಇದನ್ನಾರ ಉಳಸು" ಎಂದರು. ವಯಸ್ಸಾದವರಿಗೆ ಏನೇನೋ ಕಾಣುತ್ತದೆ.

ಬೆಳಿಗ್ಗೆ ಡಾಕ್ಟರರು ಮೌನಿಗೆ ಎರಡು ಸೂಜಿ ಹಾಕಿದ್ದಾರೆ. ಎದೆಯಲ್ಲಿ ಕಫ ಕಟ್ಟಿದೆಯಂತೆ.

20 ಮಾರ್ಚ್, ಸೋಮವಾರ

ಮಕ್ಕಳು ಮೊಂಡರಾಗುತ್ತಿದ್ದಾರೆ. ಎಬ್ಬಿಸಿದರೆ ಏಳುವುದಿಲ್ಲ. ಮೌನಿಯನ್ನು ಎತ್ತಿಕೊಂಡು, ಸುಗಲಾಳ ರಟ್ಟೆ ಹಿಡಿದು ಕರೆದೊಯ್ಯಬೇಕು.

ನಿನ್ನೆ ರಾತ್ರಿ ಇನ್ನೊಂದು ಆಟ ಶುರು ಮಾಡಿದ್ದಾರೆ. ದೀಪ ಹತ್ತಿದವು, ಅವರ ದನಿ ಬಂತು. "ಕೇಳ್ರಿ" ಎಂದು ಉಸಿರು ಎಳೆದುಕೊಂಡರು. ಆಮೇಲೆ ಸೀಟಿ ಹೊಡೆಯಲಿಲ್ಲ. "ಶೇಖಾ" ಅಂದರು. ಮೆಲ್ಲಗೆ, ಮನೆಯಲ್ಲಿ ಅನ್ನುವ ಹಾಗೆ. ಇದು ಟೇಪಿನಲ್ಲಿ ಇರಲೇ ಇಲ್ಲ, ನನಗೆ ಗೊತ್ತು.

"ಕೇಳಿದ್ರೇನು?" ಎಂದೆ ಮಕ್ಕಳಿಗೆ.

"ಏನೂ ಕೇಳಂಗಿಲ್ಲವ್ವ. ಖರ್ ಅಂತೈತಿ" ಎಂದಳು ಸುಗಲಾ.

"ನೀ ಹೇಳು ಮೌನಿ."

ಮೌನಿ ಅಕ್ಕನ ಮುಖ ನೋಡಿದ. ಆಮೇಲೆ ನನ್ನ ಮುಖ ನೋಡಿದ. "ಕೇಳ್ತವ್ವ" ಎಂದ. ಹುಡುಗ ಸುಳ್ಳು ಹೇಳುವುದಿಲ್ಲ. ಸುಗಲಾಗೆ ಎರಡು ಏಟು ಹಾಕಿದೆ. ಅಳಲಿಲ್ಲ, ತಮ್ಮನ ಕೈ ಹಿಡಿದುಕೊಂಡು ನನ್ನ ಮುಂದೆ ಮುಂದೆ ಮನೆಗೆ ನಡೆದಳು.

29 ಮಾರ್ಚ್, ಬುಧವಾರ

ಸಾಹೇಬರ ಹತ್ತಿರ ಹೋಗಿದ್ದೆ. ನೀರು ಬಂದ್ ಮಾಡಬೇಡಿ ಎಂದು ಹೇಳಲು. ಕಡೀ ಹೊಲದವರಿಗೆ ಇನ್ನೂ ನೀರು ಬೇಕಾಗಿರಬಹುದು, ಶೇಂಗಾ ಹಾಕಿದವರು ಇದ್ದಾರೆ, ಅವರ ಪರವಾಗಿ ಒಂದು ಮಾತು ಹೇಳಿದರೆ ತಪ್ಪೇನು?

ಸಾಹೇಬರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಟೀಚರ್, ಜನವರಿ ತಿಂಗಳದಾಗ ಇದ ಜಾಗಾದಾಗ ಕೂತು ಬಂದ್ ಮಾಡ್ರಿ ಅಂತ ಅತ್ತಿದ್ರಿ" ಎಂದರು.

ಅಧಿಕಾರಿಗಳಿಗೆ ಯಾವ ಮಾತು ಯಾವಾಗ ಎತ್ತಬೇಕು ಅಂತ ಗೊತ್ತಾಗುವುದಿಲ್ಲ.

1 ಏಪ್ರಿಲ್, ಶನಿವಾರ

ನಿನ್ನೆ ನೀರು ಬಂದ್ ಆಯಿತು. ಇವತ್ತು ಯುಗಾದಿ. ಬೇವು ತರಲಿಲ್ಲ.

ಇಷ್ಟು ದಿನ ಮನೆಯೊಳಗೆ ಹಗಲೂ ರಾತ್ರಿ ಕಾಲುವೆಯ ಸದ್ದು ಇತ್ತು ಅಂತ ಅದು ನಿಂತ ಮೇಲೆ ಗೊತ್ತಾಯಿತು. ಅತ್ತೆ ದಂಡೆಯಿಂದ ಎದ್ದು ಬರುತ್ತಿಲ್ಲ.

5 ಏಪ್ರಿಲ್, ಬುಧವಾರ

ಸಂಜೆ ಭಾಗಣ್ಣ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತ. ಕಾಲು ಮೊಣಕಾಲ ತನಕ ಕೆಸರು.

"ಹಳ್ಳದ ಕೆಳಗ ಕಾಲುವಿ ತೂರಿ ಹೋಗತದಲ್ಲ, ಅಲ್ಲಿ ಹೂಳಿನಾಗ ಒಂದು ಹೆಣ ಸಿಕ್ಕೈತಿ, ತಂಗೆವ್ವ. ನೋಡೂವಂಥದ್ದು ಏನೂ ಉಳದಿಲ್ಲ. ಉಡದಾರ ಒಂದು ಉಳದೈತಿ. ಉಡದಾರಕ್ಕ ಇದಿತ್ತು." ಅಂಗೈ ಬಿಚ್ಚಿದ. ಮಣ್ಣು ಮೆತ್ತಿದ ಒಂದು ಹಿತ್ತಾಳೆ ಚಾವಿ.

"ಮುಂಜಾನಿ ಪೊಲೀಸರು ಬರ್ತಾರ. ಅಲ್ಲಿತನ ನಾ ಯಾರಿಗೂ ಮುಟ್ಟಾಕ ಕೊಡಂಗಿಲ್ಲ. ಮ್ಯಾಲಿನ ಊರಿಂದನೂ ಹೆಣ ತೇಲಿ ಬರ್ತಾವ, ನಮ್ಮವನ ಅಂತ ಹ್ಯಾಂಗ ಹೇಳೂದು? ಇದನ್ನ ಪಾರ್ಕಿನ ಕ್ಯಾಬಿನ್ ಬೀಗಕ್ಕ ಹಾಕಿ ನೋಡ್ರಿ. ತಿರುಗಿದ್ರ ದೇವಿಂದ್ರ. ತಿರುಗಲಿಲ್ಲಂದ್ರ ಬ್ಯಾರೆ ಯಾರರ ಇರಬೇಕು."

ನಾನು ಮುಟ್ಟಲಿಲ್ಲ. "ಇದಲ್ಲ. ಅವರದು ದೊಡ್ಡದಿತ್ತು" ಎಂದೆ.

"ಹಾಕಿ ನೋಡಾಕ ಏನಾಗತೈತಿ?"

"ಅಲ್ಲ ಅಂದೆನಲ್ಲ!"

ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಮೂರು ತಿಂಗಳಲ್ಲಿ ಮೊದಲ ಸಲ ದನಿ ಏರಿಸಿದರು. "ನೀ ಅಲ್ಲ ಅಂದ್ರ ನನ್ನ ಮಗನ್ನ ನಾಳಿ ಅನಾಥ ಹೆಣ ಅಂತ ದಂಡಿಮ್ಯಾಲ ಹುಗಿತಾರ. ಹೆಸರಿಲ್ದ ಹುಗಿತಾರ, ಶೇಖವ್ವ! ಅವನ ಮಕ್ಕಳು ಮಣ್ಣು ಹಾಕೂದು ಬ್ಯಾಡೇನು?"

ಭಾಗಣ್ಣ ಚಾವಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋದ. ಈಗಲೂ ಅಲ್ಲಿಯೇ ಇದೆ. ನಾನು ಆ ಕಡೆ ನೋಡುತ್ತಿಲ್ಲ. ಚಾವಿ ಅಂದ ಮೇಲೆ ಎಲ್ಲವೂ ಒಂದೇ ತರಹ ಇರುತ್ತವೆ. ಸುರಪುರದ ಅಂಗಡಿಯಲ್ಲಿ ಇಂಥವು ರಾಶಿ ಬಿದ್ದಿರುತ್ತವೆ.

ಕರೆಂಟ್ ಬರುವ ಹೊತ್ತಾಯಿತು. ಮಕ್ಕಳನ್ನು ಎಬ್ಬಿಸಬೇಕು.

6 ಏಪ್ರಿಲ್, ಗುರುವಾರ

ನಿನ್ನೆ ರಾತ್ರಿಯದು ಬರೆದು ಮುಗಿಸುತ್ತೇನೆ. ಪೊಲೀಸರು ಬರುವುದರೊಳಗೆ ಬರೆಯಬೇಕು.

ಸುಗಲಾ ಎಬ್ಬಿಸದೆಯೇ ಎದ್ದಳು. ಮೌನಿಯನ್ನು ತಾನೇ ಎತ್ತಿಕೊಂಡಳು. ನನಗೆ ಖುಷಿಯಾಯಿತು, ಹುಡುಗಿಗೆ ಬುದ್ಧಿ ಬಂತು ಎಂದುಕೊಂಡೆ. ಕಾಲುವೆ ಬತ್ತಿ ಕೆಸರಿನ ವಾಸನೆ ಬರುತ್ತಿತ್ತು. ಅತ್ತೆಯೂ ನಮ್ಮ ಹಿಂದೆ ಬಂದರು, ಬೇಲಿಯ ಹತ್ತಿರ ನಿಂತರು.

ದೀಪ ಹತ್ತಿದವು. ನಾನು ಮೌನಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ರೈಲಿನಲ್ಲಿ ಕೂತೆ. ಅವರ ದನಿ ಚೆನ್ನಾಗಿ ಬರುತ್ತಿತ್ತು. ಶೇಖಾ, ರೈಲು ಹೊಂಟೈತಿ. ಶೇಖಾ, ಕೈ ಬಿಡಬ್ಯಾಡ. ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಸುಗಲಾ ಪಕ್ಕದಲ್ಲಿರಲಿಲ್ಲ. ಕ್ಯಾಬಿನ್ನಿನ ಬಾಗಿಲ ಮುಂದೆ ತುದಿಗಾಲಲ್ಲಿ ನಿಂತಿದ್ದಳು. ಕೈಯಲ್ಲಿ ಚಾವಿ. ಲಂಗಕ್ಕೆ ಒರೆಸಿ ಒರೆಸಿ ಅದರ ಮಣ್ಣು ತೆಗೆದಿದ್ದಳು, ಹೊಳೆಯುತ್ತಿತ್ತು.

ಬೇಡ ಎಂದು ಕೂಗಿದೆ. ಏಳಲು ನೋಡಿದೆ, ಸಣ್ಣ ಡಬ್ಬಿಯಲ್ಲಿ ಮೊಣಕಾಲು ಸಿಕ್ಕಿಕೊಂಡಿತು. ಅವಳು ತಿರುಗಿ ನೋಡಲಿಲ್ಲ. ಎರಡೂ ಕೈಯಿಂದ ಚಾವಿ ಹಿಡಿದು ತಿರುವಿದಳು. ಬೀಗ ತೆರೆಯಿತು.

ಅಷ್ಟು ದೂರಕ್ಕೆ ಆ ಸದ್ದು ಕೇಳುವಂಥದ್ದಲ್ಲ. ನನಗೆ ಕೇಳಿಸಿತು. ಬೇಲಿಯ ಹತ್ತಿರ ಅತ್ತೆಗೂ ಕೇಳಿಸಿರಬೇಕು, ಅವರು ನೆಲಕ್ಕೆ ಕೂತು ಎದೆ ಬಡಿದುಕೊಳ್ಳತೊಡಗಿದರು.

ಸುಗಲಾ ಒಳಗೆ ಹೋದಳು. ಗಾಜಿನ ಹಿಂದೆ ಅವಳ ತಲೆ ಮಾತ್ರ ಕಾಣುತ್ತಿತ್ತು. ಏನೋ ಎಳೆದು ತೆಗೆದು ಕಿಟಕಿಯಿಂದ ಹೊರಗೆ ಹಿಡಿದಳು. ಕ್ಯಾಸೆಟ್. ಕಂದು ಟೇಪು ಗಂಟು ಗಂಟಾಗಿ ಹೊರಗೆ ಜೋತುಬಿದ್ದಿತ್ತು, ಅದರ ತುಂಬ ಕೆಂಪಿರುವೆಯ ಮಣ್ಣು.

"ಇದು ಹರದು ಭಾಳ ದಿನ ಆಗೈತವ್ವ. ಇರುವಿ ಗೂಡು ಕಟ್ಯಾವ. ನಾನು ಹೇಳಿದ್ನಲ್ಲ, ಏನೂ ಕೇಳಂಗಿಲ್ಲ ಅಂತ."

ಕ್ಯಾಸೆಟ್ ಅವಳ ಕೈಯಲ್ಲಿತ್ತು. ಆದರೂ ನನ್ನ ಕಿವಿಯಲ್ಲಿ ಅವರು ಉಸಿರು ಎಳೆದುಕೊಳ್ಳುತ್ತಲೇ ಇದ್ದರು. ತೊಡೆಯ ಮೇಲೆ ಮೌನಿಯ ಮೈ ಎಷ್ಟು ಹಗುರಾಗಿತ್ತು! ಯಾವಾಗ ಇಷ್ಟು ಸೊರಗಿದ ಈ ಹುಡುಗ? ನನ್ನ ಮುಖ ನೋಡುತ್ತಿದ್ದ. ನಾನು ಕೇಳಿದರೆ ಮತ್ತೆ "ಕೇಳ್ತವ್ವ" ಎನ್ನಲು ಸಿದ್ಧನಾಗಿ ಕಾಯುತ್ತಿದ್ದ.

ಸುಗಲಾ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದಳು. ಕೆಂಪು ಹಸಿರು ದೀಪಗಳೆಲ್ಲ ಆರಿದವು. ಕತ್ತಲಲ್ಲಿ ಏನೂ ಕಾಣಲಿಲ್ಲ. ಕ್ಯಾಬಿನ್ನಿನ ಕಿಟಕಿಯಿಂದ ಅವಳ ದನಿ ಬಂತು. ಅವರಪ್ಪ ಬಗ್ಗಿ ಕೂಗುತ್ತಿದ್ದರಲ್ಲ, ಟೇಪಿನಲ್ಲಿ ತುಂಬಿಸದೆ ಬಾಯಲ್ಲಿಯೇ ಹೇಳುತ್ತಿದ್ದ ಮಾತು. ಒಂದಕ್ಷರ ತಪ್ಪಿರಲಿಲ್ಲ.

"ರೈಲು ನಿಂತೈತಿ. ಕುಂತವರೆಲ್ಲ ಇಳೀರಿ. ಕತ್ತಲೈತಿ, ನಿಧಾನ ಇಳೀರಿ. ಹೊತ್ತಾತು, ಮನಿಗೆ ಹೋಗ್ರಿ."

ಮೌನಿ ಮೊದಲು ಇಳಿದ. ಆಮೇಲೆ ನನ್ನ ಕೈ ಹಿಡಿದು ಎಳೆದ. ನಾನೂ ಇಳಿದೆ.